ಜಾರ್ಜಿಯಾದ ಹಳೇ ಕಟ್ಟಡಗಳಲ್ಲಿ ಯಾವುದನ್ನು ನೋಡೋದು, ಯಾವುದನ್ನು ಬಿಡೋದು

ಏಪ್ರಿಲ್ ಕಳೆಯುತ್ತಿದ್ದಂತೆ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾ ಹತ್ತಿರದ ನಮ್ಮ ಫೋರ್ಸೈತ್ ಕೌಂಟಿಯ ಬೀದಿಗಳಲ್ಲಿ ಸೀರೆಯ ಮೇಲೆ ಸ್ವೆಟರ್ ತೊಟ್ಟು, ಕಾಲಿಗೆ ಸ್ಪೋರ್ಟ್ಸ್ ಶೂ ಏರಿಸಿ ವಾಕಿಂಗ್ ಹೊರಟ ಅಮ್ಮಂದಿರು ಕಾಣಿಸತೊಡಗುತ್ತಾರೆ. ಊರಿಂದ ಬಂದವರಿಗೆ ಮೊದಲ ಎರಡು ವಾರ ನಿದ್ದೆ ಸರಿಹೋಗುವುದರಲ್ಲೇ ಕಳೆಯುತ್ತದೆ. ಮೂರನೆಯ ವಾರಕ್ಕೆ ದೇವಸ್ಥಾನ, ಕಾಸ್ಟ್‌ಕೋ, ಅಕ್ವೇರಿಯಂ ಎಲ್ಲ ಮುಗಿದಿರುತ್ತವೆ. ನಾಲ್ಕನೆಯ ವಾರ ನನಗೆ ಫೋನ್ ಬರುತ್ತದೆ: "ನೀವು ಆ ಹಳೇ ಕಟ್ಟಡಗಳನ್ನೆಲ್ಲ ಸುತ್ತಿದ್ದೀರಲ್ಲ, ಸವಾನಾ ಒಂದು ನೋಡಿದ್ರೆ ಸಾಕಾ, ಮೇಕನ್‌ಗೂ ಹೋಗ್ಬೇಕಾ?"

ಒಬ್ಬೊಬ್ಬರಿಗೂ ಅದನ್ನೇ ಹೇಳುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ. ನಾನು ಇತಿಹಾಸ ಓದಿದವಳಲ್ಲ. ಆದರೆ ತಿಪಟೂರಿನಿಂದ ಬಂದ ಅತ್ತೆ ಮಾವನವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮೂರು ಬೇಸಿಗೆ ಈ ರಾಜ್ಯ ಸುತ್ತಿದ್ದೇನೆ. ಮಾವ ಪಿಡಬ್ಲ್ಯೂಡಿಯಲ್ಲಿ ಎಂಜಿನಿಯರ್ ಆಗಿದ್ದವರು, ಗೋಡೆ ಕಂಡರೆ ಬೆರಳಿನಿಂದ ತಟ್ಟಿ ನೋಡದೆ ಮುಂದೆ ಹೋಗುವುದಿಲ್ಲ. ಅತ್ತೆಗೆ ಮಂಡಿನೋವು. ಮೆಟ್ಟಿಲು ಎಷ್ಟಿವೆ ಅನ್ನುವುದು ಅವರ ಮೊದಲ ಪ್ರಶ್ನೆ. ಹಾಗಾಗಿ ಈ ಬರಹದಲ್ಲಿ ಮೆಟ್ಟಿಲುಗಳ ಲೆಕ್ಕವೂ ಬರುತ್ತದೆ.

ಫಲಕದ ಮಾತು ಮೊದಲು

ಕಟ್ಟಡದ ಮುಂದೆ ಕಂಚಿನ ಫಲಕ ಕಂಡರೆ ಸರ್ಕಾರವೇ ಕಾಯುತ್ತಿದೆ ಎಂದು ನಾವು ಅಂದುಕೊಳ್ಳುತ್ತೇವೆ. ಊರಿನಲ್ಲಿ ಪುರಾತತ್ವ ಇಲಾಖೆಯ ನೀಲಿ ಬೋರ್ಡು ನೋಡಿ ಬೆಳೆದವರಲ್ಲವೇ. ಇಲ್ಲಿ ವಿಷಯ ಬೇರೆ. 1966ರ ಸಂರಕ್ಷಣಾ ಕಾಯ್ದೆಯಿಂದ ಬಂದದ್ದು ನ್ಯಾಷನಲ್ ರಿಜಿಸ್ಟರ್ ಎಂಬ ಪಟ್ಟಿ. ಜಾರ್ಜಿಯಾದಿಂದ ಅದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಅದಕ್ಕಿಂತ ಮೇಲಿನದು ನ್ಯಾಷನಲ್ ಹಿಸ್ಟಾರಿಕ್ ಲ್ಯಾಂಡ್‌ಮಾರ್ಕ್, ಅಂಥವು ರಾಜ್ಯದಲ್ಲಿ ಐವತ್ತರ ಆಸುಪಾಸು. ಪಟ್ಟಿಗೆ ಸೇರಿದ ಮನೆಯ ಮೇಲೆ ಫೆಡರಲ್ ಸರ್ಕಾರದ ದುಡ್ಡೋ ಪರವಾನಗಿಯೋ ಬೀಳುವ ಕೆಲಸವಾದರೆ ಮೊದಲು ಪರಿಶೀಲನೆ ಆಗಬೇಕು. ಆದರೆ ಮನೆಯ ಒಡೆಯ ತನ್ನ ಸ್ವಂತ ದುಡ್ಡಿನಲ್ಲಿ ತನ್ನ ಮನೆ ಕೆಡವುತ್ತೇನೆ ಎಂದರೆ ಆ ಪಟ್ಟಿ ತಡೆಯುವುದಿಲ್ಲ. ತಡೆಯಬಲ್ಲದ್ದು ನಗರದ ಸ್ವಂತ ಕಟ್ಟಳೆ, ಇಲ್ಲವೇ ಆಸ್ತಿ ಯಾವುದಾದರೂ ಟ್ರಸ್ಟಿನ ಅಥವಾ ಸರ್ಕಾರದ ಕೈಯಲ್ಲಿರುವುದು. ಬರೀ ಫಲಕವೆಂದರೆ ಶಾಲು ಹೊದಿಸಿ ಹಾರ ಹಾಕಿದ ಹಾಗೆ, ಕಾವಲಿಗೆ ಯಾರೂ ನಿಂತಿರುವುದಿಲ್ಲ. ಅಟ್ಲಾಂಟಾದ ಟರ್ಮಿನಲ್ ಸ್ಟೇಷನ್ ಎಂಬ ಭವ್ಯ ರೈಲು ನಿಲ್ದಾಣ 1972ರಲ್ಲಿ ನೆಲಕ್ಕುರುಳಿತು. ಈಗ ಅದನ್ನು ಫೋಟೋದಲ್ಲಿ ಮಾತ್ರ ನೋಡಬಹುದು.

ಆದ್ದರಿಂದ ಫಲಕ ನೋಡಿ ಜಾಗ ಆರಿಸುವುದನ್ನು ನಾನು ಬಿಟ್ಟಿದ್ದೇನೆ. ನನ್ನ ಅಳತೆಗೋಲು ಅತ್ತೆಯವರು ಕೊಟ್ಟದ್ದು. ಮೊದಲ ವರ್ಷ ಒಂದು ಹಳೆಯ ದೊಡ್ಡ ಮನೆಗೆ ಕರೆದುಕೊಂಡು ಹೋಗಿದ್ದೆ. ಗೈಡ್ ಮುಕ್ಕಾಲು ಗಂಟೆ ಜೂಮರುಗಳ ಬಗ್ಗೆ, ಫ್ರಾನ್ಸಿನಿಂದ ತರಿಸಿದ ಗೋಡೆಕಾಗದದ ಬಗ್ಗೆ ಹೇಳಿದರು. ಕೊನೆಗೆ ಅತ್ತೆ ನನ್ನ ಕಿವಿಯಲ್ಲಿ, "ಅಡುಗೆಮನೆ ಎಲ್ಲಮ್ಮಾ? ಇಷ್ಟು ಜನಕ್ಕೆ ನೀರು ಯಾರು ಸೇದ್ತಿದ್ರು?" ಅಂದರು. ಅದನ್ನೇ ಇಂಗ್ಲಿಷಿನಲ್ಲಿ ಕೇಳಿದೆ. ಗೈಡ್ ನಕ್ಕು ಪಿಯಾನೋ ಕಡೆ ತಿರುಗಿದರು. ಅಂದಿನಿಂದ ಯಾವ ಜಾಗಕ್ಕಾದರೂ ನನ್ನದು ಒಂದೇ ಪ್ರಶ್ನೆ: ಹಿತ್ತಿಲು ತೋರಿಸುತ್ತಾರಾ?

ಸವಾನಾದಲ್ಲಿ ಯಾವ ಮನೆ?

ಸವಾನಾ ಅಟ್ಲಾಂಟಾದಿಂದ ಸುಮಾರು 250 ಮೈಲಿ, ನಾಲ್ಕು ಗಂಟೆಯ ದಾರಿ. ಒಂದೇ ದಿನದಲ್ಲಿ ಹೋಗಿ ಬರುವ ಸಾಹಸ ಬೇಡ, ಒಂದು ರಾತ್ರಿ ಉಳಿಯಿರಿ. 1733ರಲ್ಲಿ ಜೇಮ್ಸ್ ಓಗಲ್‌ಥಾರ್ಪ್ ಹಾಕಿದ ನಕ್ಷೆ ಇನ್ನೂ ಹಾಗೇ ಇದೆ. ನಾಲ್ಕು ಹೆಜ್ಜೆಗೊಂದು ಚೌಕ, ಚೌಕದ ತುಂಬ ಓಕ್ ಮರ, ಮರದಿಂದ ಜಡೆ ಬಿಚ್ಚಿದಂತೆ ಇಳಿಬಿದ್ದ ಪಾಚಿಬಳ್ಳಿ. 24 ಚೌಕಗಳಲ್ಲಿ 22 ಉಳಿದಿವೆ. ಊರು ಇಷ್ಟಾದರೂ ಉಳಿದದ್ದಕ್ಕೆ ಒಂದು ಪಾರ್ಕಿಂಗ್ ಕಟ್ಟಡ ಕಾರಣ. 1954ರಲ್ಲಿ ಎಲಿಸ್ ಚೌಕದ ಹಳೆಯ ಸಿಟಿ ಮಾರ್ಕೆಟ್ಟನ್ನು ಕೆಡವಿ ಕಾರು ನಿಲ್ಲಿಸುವ ಬಹುಮಹಡಿ ಕಟ್ಟಡ ಕಟ್ಟಿದರು. ಮರುವರ್ಷ ಡೇವನ್‌ಪೋರ್ಟ್ ಮನೆಗೂ ಅದೇ ಗತಿ ಬರುವುದರಲ್ಲಿತ್ತು. ಆಗ ಏಳು ಜನ ಹೆಂಗಸರು ಸೇರಿ 22,500 ಡಾಲರ್ ಹೊಂದಿಸಿ ಮನೆಯನ್ನು ಕೊಂಡುಕೊಂಡರು. ಹಿಸ್ಟಾರಿಕ್ ಸವಾನಾ ಫೌಂಡೇಶನ್ ಶುರುವಾದದ್ದು ಹೀಗೆ. ಎಲಿಸ್ ಚೌಕವೂ 2010ರಲ್ಲಿ ಮರಳಿ ಬಂತು. ಪಾರ್ಕಿಂಗ್ ಈಗ ನೆಲದ ಕೆಳಗಿದೆ, ಮೇಲೆ ಮಕ್ಕಳು ಕಾರಂಜಿಯಲ್ಲಿ ನೆನೆಯುತ್ತವೆ.

ಜನ ಕೇಳುವುದು ಮುಖ್ಯವಾಗಿ ಮೂರು ಮನೆಗಳ ಬಗ್ಗೆ. 1820ರ ಡೇವನ್‌ಪೋರ್ಟ್ ಮನೆ ಒಬ್ಬ ಮೇಸ್ತ್ರಿ ತನಗಾಗಿ ಕಟ್ಟಿಕೊಂಡದ್ದು. ಅಚ್ಚುಕಟ್ಟಾಗಿದೆ, ಹೆಚ್ಚು ದೊಡ್ಡದಲ್ಲ. ಕಟ್ಟಡ ಉಳಿಸುವ ಚಳವಳಿಯ ಬಗ್ಗೆ ಆಸಕ್ತಿ ಇದ್ದವರು ನೋಡಲೇಬೇಕು. ಮ್ಯಾಡಿಸನ್ ಚೌಕದ ಗ್ರೀನ್-ಮೆಲ್ಡ್ರಿಮ್ ಮನೆ ಅಂತರ್ಯುದ್ಧದ್ದು. 1864ರ ಡಿಸೆಂಬರಿನಲ್ಲಿ ಉತ್ತರದ ರಾಜ್ಯಗಳ ಯೂನಿಯನ್ ಸೈನ್ಯದ ಜನರಲ್ ಶರ್ಮನ್ ಇಲ್ಲಿ ಬೀಡುಬಿಟ್ಟು, ಸವಾನಾವನ್ನು ಕ್ರಿಸ್‌ಮಸ್ ಉಡುಗೊರೆಯಾಗಿ ಕೊಡುತ್ತಿದ್ದೇನೆ ಎಂದು ಲಿಂಕನ್‌ಗೆ ತಂತಿ ಕಳಿಸಿದ. ಎಲ್ಲರೂ ಹೇಳುವ ಕಥೆ ಅದು. ನನಗೆ ಹೆಚ್ಚು ಬೇಕಾದದ್ದು ಅದಾದ ಮೂರು ವಾರಕ್ಕೆ, 1865ರ ಜನವರಿ 12ರಂದು ಆ ಮನೆಯ ಮಹಡಿಯಲ್ಲಿ ನಡೆದದ್ದು. ಇಪ್ಪತ್ತು ಮಂದಿ ಕಪ್ಪು ಪಾದ್ರಿಗಳನ್ನು ಕರೆಸಿ, ನಿಮ್ಮ ಜನಕ್ಕೆ ಏನು ಬೇಕು ಎಂದು ಕೇಳಿದರು. ಅವರ ಪರವಾಗಿ ಮಾತಾಡಿದ ಗ್ಯಾರಿಸನ್ ಫ್ರೇಜಿಯರ್, ಭೂಮಿ ಬೇಕು, ನಾವೇ ಉತ್ತು ಬಾಳುತ್ತೇವೆ ಎಂದರು. ನಾಲ್ಕು ದಿನಕ್ಕೆ ಆದೇಶ ಹೊರಟಿತು, ಕುಟುಂಬಕ್ಕೆ ನಲವತ್ತು ಎಕರೆಯವರೆಗೆ. ಆ ವರ್ಷ ಮುಗಿಯುವುದರೊಳಗೆ ಹೊಸ ಅಧ್ಯಕ್ಷ ಆಂಡ್ರೂ ಜಾನ್ಸನ್ ಬಹುಪಾಲು ಭೂಮಿಯನ್ನು ಹಳೆಯ ಒಡೆಯರಿಗೇ ಮರಳಿಸಿದ.

ಒಂದೇ ಮನೆಗೆ ಸಮಯವಿದ್ದರೆ ನನ್ನ ಓಟು ಓವೆನ್ಸ್-ಥಾಮಸ್ ಮನೆಗೆ. ಇಂಗ್ಲೆಂಡಿನ ವಿಲಿಯಂ ಜೇ ಎಂಬ ವಾಸ್ತುಶಿಲ್ಪಿ ವಿನ್ಯಾಸ ಮಾಡಿ 1819ರಲ್ಲಿ ಮುಗಿಸಿದ್ದು. ಮೊದಲ ಒಡೆಯ ರಿಚರ್ಡ್ ರಿಚರ್ಡ್‌ಸನ್ ಬ್ಯಾಂಕು ನಡೆಸುತ್ತಿದ್ದ, ಗುಲಾಮರ ವ್ಯಾಪಾರವನ್ನೂ ಮಾಡುತ್ತಿದ್ದ. ಇಲ್ಲಿ ನಿಮ್ಮನ್ನು ಮುಂಬಾಗಿಲಿನಿಂದ ಒಳಗೆ ಬಿಡುವುದಿಲ್ಲ. ಹಿಂದಿನ ಸಾರೋಟಿನ ಕೊಟ್ಟಿಗೆಯ ಪಕ್ಕ, ಗುಲಾಮರಾಗಿದ್ದವರು ಮಲಗುತ್ತಿದ್ದ ಕೋಣೆಗಳಿಂದ ಶುರು. ತಲೆಯೆತ್ತಿ ಚಾವಣಿ ನೋಡಿ. ಅಲ್ಲಲ್ಲಿ ಮಾಸಿದ ತಿಳಿನೀಲಿ ಬಣ್ಣ ಉಳಿದಿದೆ. ನೀಲಿ, ಸುಣ್ಣ, ಮಜ್ಜಿಗೆ ಬೆರೆಸಿ ಹಚ್ಚುತ್ತಿದ್ದ ಬಣ್ಣವಂತೆ ಅದು, ಪೀಡೆ ಪಿಶಾಚಿ ಹತ್ತಿರ ಬರಬಾರದೆಂದು. ಅತ್ತೆ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ತೋಟ, ದೊಡ್ಡ ಮನೆ, ಕೊನೆಗೆ ನೆಲಮಾಳಿಗೆಯ ಅಡುಗೆಮನೆ, ಬಟ್ಟೆ ಒಗೆಯುವ ಜಾಗ, ನೀರಿನ ತೊಟ್ಟಿ. ನೀರು ಯಾರು ಸೇದುತ್ತಿದ್ದರು ಎಂಬ ಪ್ರಶ್ನೆಗೆ ಅಂತೂ ಇಲ್ಲಿ ಉತ್ತರ ಸಿಕ್ಕಿತು. 2018ರಿಂದ ಇದರ ಹೆಸರಿನಲ್ಲೇ ಗುಲಾಮರ ವಸತಿ ಎಂಬ ಮಾತೂ ಸೇರಿದೆ.

ಮಾವನವರಿಗೆ ಇಷ್ಟವಾದದ್ದು ಮಹಡಿಯ ಮೇಲಿನ ಸೇತುವೆ. ಮೆಟ್ಟಿಲು ಮೇಲೇರಿ ಎರಡಾಗಿ ಒಡೆಯುತ್ತದೆ, ಮನೆಯ ಮುಂಭಾಗಕ್ಕೂ ಹಿಂಭಾಗಕ್ಕೂ ನಡುವೆ ಒಂದು ಪುಟ್ಟ ಸೇತುವೆ. "ಮನೆಯೊಳಗೆ ಸೇತುವೆ ಕಟ್ಟೋಕೆ ನಮ್ಮ ಇಲಾಖೇಲಿ ಎಸ್ಟಿಮೇಟ್ ಪಾಸ್ ಆಗ್ತಿರ್ಲಿಲ್ಲಮ್ಮ" ಅಂದರು. ಮಂಡಿನೋವಿನವರಿಗೆ ಎಚ್ಚರಿಕೆ: ಹತ್ತಿ ಇಳಿಯುವುದು ಸಾಕಷ್ಟಿದೆ.

ಇನ್ನೂ ಒಂದು ಗಂಟೆ ಉಳಿದರೆ ಕುದುರೆಗಾಡಿಗೆ ಹತ್ತಬೇಡಿ, ಫ್ರಾಂಕ್ಲಿನ್ ಚೌಕದ ಫಸ್ಟ್ ಆಫ್ರಿಕನ್ ಬ್ಯಾಪ್ಟಿಸ್ಟ್ ಚರ್ಚಿಗೆ ಹೋಗಿ. ಹಗಲೆಲ್ಲ ಒಡೆಯನ ಕೆಲಸ ಮುಗಿಸಿದವರು ರಾತ್ರಿ ಬಂದು ಕಟ್ಟಿ 1859ರ ಹೊತ್ತಿಗೆ ಮುಗಿಸಿದ ಕಟ್ಟಡ. ಕೆಳಗಿನ ಸಭಾಂಗಣದ ಮರದ ನೆಲದಲ್ಲಿ ರಂಗೋಲಿಯ ಚುಕ್ಕಿಗಳಂತೆ ಕೊರೆದ ತೂತುಗಳಿವೆ. ಓಡಿಬಂದವರು ನೆಲದಡಿ ಅಡಗಿದ್ದಾಗ ಉಸಿರಾಡಲು ಮಾಡಿದ್ದು ಎಂದು ಚರ್ಚಿನವರು ಹೇಳುತ್ತಾರೆ.

ಕೋಟೆಯೋ ಸೆರೆಮನೆಯೋ

ಸವಾನಾದಿಂದ ಟೈಬಿ ಬೀಚಿನ ದಾರಿಯಲ್ಲೇ ಪುಲಾಸ್ಕಿ ಕೋಟೆ ಸಿಗುತ್ತದೆ. ಸಮುದ್ರಕ್ಕೆ ಹೋಗುವವರು ಇದನ್ನು ತಪ್ಪಿಸಬಾರದು. 1829ರಲ್ಲಿ ಕೆಲಸ ಶುರುವಾಗಿ ಹದಿನೆಂಟು ವರ್ಷ ಹಿಡಿಯಿತು, ಇಟ್ಟಿಗೆ ಸುಮಾರು ಎರಡೂವರೆ ಕೋಟಿ. ಗೋಡೆಯ ದಪ್ಪ ಏಳೂವರೆ ಅಡಿ. ಇಷ್ಟು ದಪ್ಪದ ಗೋಡೆಯನ್ನು ಯಾವ ಫಿರಂಗಿಯೂ ಒಡೆಯದು ಎಂದು ಆ ಕಾಲದ ಎಂಜಿನಿಯರುಗಳ ನಂಬಿಕೆ. 1862ರ ಏಪ್ರಿಲ್ 10ರಂದು ಒಂದು ಮೈಲಿಯಾಚೆಯ ಟೈಬಿ ದ್ವೀಪದಿಂದ ಯೂನಿಯನ್ ಸೈನ್ಯ ಹೊಸ ಬಗೆಯ, ಒಳಗೆ ಸುರುಳಿಗೆರೆ ಕೊರೆದ ಫಿರಂಗಿಗಳಿಂದ ಹೊಡೆಯತೊಡಗಿತು. ಮೂವತ್ತು ಗಂಟೆಯಲ್ಲಿ ಮೂಲೆ ಕಳಚಿ ಬಿತ್ತು. ಗುಂಡುಗಳು ಮದ್ದಿನ ಮನೆಯತ್ತ ಹಾಯತೊಡಗಿದಾಗ ಒಳಗಿದ್ದ ದಕ್ಷಿಣದ ಪಡೆಯ ಕರ್ನಲ್ ಓಲ್ಮ್‌ಸ್ಟೆಡ್ ಶರಣಾದ. ಇಟ್ಟಿಗೆ ಕೋಟೆಗಳ ಕಾಲ ಅಲ್ಲಿಗೆ ಮುಗಿಯಿತು.

ಹೊರಗೆ ಕಂದಕದ ಸುತ್ತ ನಡೆದು ಆಗ್ನೇಯ ಮೂಲೆಗೆ ಹೋಗಿ. ಒಡೆದ ಗೋಡೆಯನ್ನು ಗೆದ್ದವರೇ ಮತ್ತೆ ಕಟ್ಟಿದ್ದು, ಆ ಇಟ್ಟಿಗೆ ಹೆಚ್ಚು ಕೆಂಪು, ತೇಪೆ ಹಾಕಿದ ಅಂಗಿಯಂತೆ ದೂರದಿಂದಲೇ ಗೊತ್ತಾಗುತ್ತದೆ. ಅಕ್ಕಪಕ್ಕದ ಗೋಡೆಯಲ್ಲಿ ಗುಂಡುಗಳು ಇನ್ನೂ ಸಿಕ್ಕಿಕೊಂಡಿವೆ. ಕಂದುಬಣ್ಣದ ಹಳೇ ಇಟ್ಟಿಗೆಗಳು ಸವಾನಾದ ಹತ್ತಿರದ ಹರ್ಮಿಟೇಜ್ ತೋಟದಲ್ಲಿ ಗುಲಾಮರು ಕೈಯಿಂದ ಮಾಡಿದವು. ಮಾವ ತಟ್ಟಿ ನೋಡಿ, ಇದು ನೀರು ಕುಡಿಯೋ ಇಟ್ಟಿಗೆ, ಆದ್ರೂ ನಿಂತಿದೆ ನೋಡು ಅಂದರು. ಸವಾನಾದ ಬೂದು ಇಟ್ಟಿಗೆ ಎಂದೇ ಇದಕ್ಕೆ ಹೆಸರು. 1950ರ ದಶಕದಲ್ಲಿ ಬರೀ ಈ ಇಟ್ಟಿಗೆಯ ಆಸೆಗೆ ಜನ ಹಳೇ ಮನೆಗಳನ್ನು ಕೊಂಡು ಕೆಡವುತ್ತಿದ್ದರಂತೆ.

ಇದಕ್ಕೆ ಎದುರಾಗಿ ಅಂತರ್ಯುದ್ಧದ ಸೆರೆಶಿಬಿರವಿದ್ದ ಆಂಡರ್ಸನ್‌ವಿಲ್ ಇಡಿ. ಅಟ್ಲಾಂಟಾದಿಂದ ದಕ್ಷಿಣಕ್ಕೆ ಎರಡು ಗಂಟೆಗೂ ಸ್ವಲ್ಪ ಹೆಚ್ಚಿನ ದಾರಿ. ಅಲ್ಲಿ ನೋಡಲು ಕಟ್ಟಡವೇ ಇಲ್ಲ. ಒಂದು ಹುಲ್ಲುಗಾವಲು, ಬೇಲಿ ಇದ್ದ ಗುರುತಿಗೆ ನೆಟ್ಟ ಬಿಳಿ ಗೂಟಗಳು, ಹೊಸದಾಗಿ ಕಟ್ಟಿ ನಿಲ್ಲಿಸಿದ ಬೇಲಿಯ ಒಂದು ಮೂಲೆ. 1864ರ ಫೆಬ್ರವರಿಯಿಂದ ಹದಿನಾಲ್ಕು ತಿಂಗಳಲ್ಲಿ ಈ ಇಪ್ಪತ್ತಾರೂವರೆ ಎಕರೆಯೊಳಗೆ ಒಟ್ಟು 45,000 ಯೂನಿಯನ್ ಸೈನಿಕರನ್ನು ಕೂಡಿಹಾಕಿದರು, 13,000ದ ಹತ್ತಿರ ಜನ ಸತ್ತರು. ಕುಡಿಯುವುದಕ್ಕೂ ಶೌಚಕ್ಕೂ ಒಂದೇ ತೊರೆ. ಡೋರೆನ್ಸ್ ಆಟ್‌ವಾಟರ್ ಎಂಬ ಎಳೆಯ ಕೈದಿಗೆ ಸತ್ತವರ ಪಟ್ಟಿ ಬರೆಯುವ ಕೆಲಸ ಕೊಟ್ಟಿದ್ದರು. ಅವನು ಗುಟ್ಟಾಗಿ ಇನ್ನೊಂದು ಪ್ರತಿ ಮಾಡಿಟ್ಟುಕೊಂಡ. ಗೋರಿಗಳ ಮೇಲೆ ಇವತ್ತು ಹೆಸರುಗಳಿರುವುದು ಅದರಿಂದ. ಹೆಗಲಿಗೆ ಹೆಗಲು ತಾಗಿಸಿ ಹೂತಿದ್ದರಿಂದ ಕಲ್ಲುಗಳ ನಡುವೆ ಅಂತರವೇ ಇಲ್ಲ. ಸಣ್ಣ ಮಕ್ಕಳಿದ್ದರೆ ಪುಲಾಸ್ಕಿಗೇ ಹೋಗಿ. ದೊಡ್ಡವರು ಮಾತ್ರವಾದರೆ ಆಂಡರ್ಸನ್‌ವಿಲ್, ಅಲ್ಲಿಂದ ಅರ್ಧ ಗಂಟೆಯೊಳಗೆ ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಅವರ ಪ್ಲೇನ್ಸ್ ಊರು. ಕಾರ್ಟರ್ ಅವರ ತಾಯಿ ಲಿಲಿಯನ್ 1960ರ ದಶಕದಲ್ಲಿ ಪೀಸ್ ಕೋರ್ ಎಂಬ ಅಮೆರಿಕದ ಸ್ವಯಂಸೇವಕರ ಪಡೆ ಸೇರಿ ಮುಂಬೈಯ ವಿಕ್ರೋಲಿಯಲ್ಲಿ ನರ್ಸ್ ಆಗಿದ್ದವರು. ಅದನ್ನು ಹೇಳಿದ ಮೇಲೆ ನಮ್ಮತ್ತೆ ಆ ಊರಿನ ಒಂದೊಂದು ಫೋಟೋದಲ್ಲೂ ಅವರನ್ನೇ ಹುಡುಕಿದರು.

ಮಣ್ಣಿನ ದಿಬ್ಬಗಳು

ಅಮೆರಿಕದಲ್ಲಿ ಮುನ್ನೂರು ವರ್ಷಕ್ಕಿಂತ ಹಳೆಯದು ಏನಿದೆ ಮಹಾ ಎಂದು ಕೇಳುವ ಮಾವಂದಿರಿಗೆ ಉತ್ತರ ಇಲ್ಲಿದೆ: ಈ ನೆಲದ ಮೂಲನಿವಾಸಿಗಳು ಕಟ್ಟಿದ ದಿಬ್ಬಗಳು. ಎರಡರಲ್ಲಿ ಒಂದನ್ನು ಆರಿಸಿ, ಎರಡೂ ಬೇಕಿಲ್ಲ.

ಕಾರ್ಟರ್ಸ್‌ವಿಲ್ ಹತ್ತಿರದ ಎಟೊವಾ ನಮಗೆ ಹತ್ತಿರ. ಸುಮಾರು ಕ್ರಿ.ಶ. 1000ದಿಂದ 1550ರವರೆಗೆ ಜನವಸತಿ ಇದ್ದ ಊರು. ದೊಡ್ಡ ದಿಬ್ಬ 63 ಅಡಿ ಎತ್ತರ, ನೂರಕ್ಕೂ ಮಿಕ್ಕಿ ಮೆಟ್ಟಿಲು. ಮೇಲೆ ಹತ್ತಿದರೆ ಬಯಲು, ನದಿ. ನೀರು ಇಳಿದಾಗ ನದಿಯಲ್ಲಿ ಮೀನು ಹಿಡಿಯಲು ಕಲ್ಲು ಜೋಡಿಸಿ ಮಾಡಿದ ಹಳೆಯ ಕಟ್ಟೆಯೂ ಕಾಣುತ್ತದೆ. ಅತ್ತೆ ಕೆಳಗೆ ಬೆಂಚಿನ ಮೇಲೆ ಕೂತು ಚಿತ್ರಾನ್ನದ ಡಬ್ಬಿ ಕಾಯ್ದರು. ಚೆನ್ನಾಗಿದೆ, ಆದರೆ ನೋಡುವುದೆಲ್ಲ ಹೊರಗಿನಿಂದ.

ಮೇಕನ್‌ನ ಓಕ್ಮಲ್ಗೀಯಲ್ಲಿ ಒಳಗೆ ಹೋಗಬಹುದು. ಅಲ್ಲಿನ ಮಣ್ಣಿನ ಸಭಾಗೃಹದ ಚಾವಣಿ ಹೊಸದು, ನೆಲ ಮಾತ್ರ ಸಾವಿರ ವರ್ಷ ಹಳೆಯದು. ತಗ್ಗಾದ ಕಿರಿದಾದ ದಾರಿಯಲ್ಲಿ ಬಗ್ಗಿ ಹೋಗಬೇಕು, ಊರಿನ ಹಳೇ ಗರ್ಭಗುಡಿಗೆ ಹೋದ ಹಾಗೆ. ಕೊನೆಯಲ್ಲಿ ಗಾಜಿನಾಚೆ ದುಂಡನೆಯ ಕೋಣೆ. ಜೇಡಿಮಣ್ಣಿನ ಜಗುಲಿ ಗೋಡೆಗುಂಟ ಸುತ್ತಿ ಬಂದಿದೆ. ಅದರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಆಸನ ಕೊರೆದಿದ್ದಾರೆ, ಒಟ್ಟು ನಲವತ್ತೇಳು. ಎದುರಿಗೆ ಹಕ್ಕಿಯ ಆಕಾರದ ಎತ್ತರದ ಕಟ್ಟೆ, ಅದರ ಮೇಲೆ ಇನ್ನೂ ಮೂವರಿಗೆ ಜಾಗ. ಅದನ್ನು ನೋಡಿದ ಕೂಡಲೇ ಮಾವ, "ಪಂಚಾಯ್ತಿ ಕಟ್ಟೆ ಇದು" ಅಂದರು. ನಾನು ತಿದ್ದಲು ಹೋಗಲಿಲ್ಲ.

1930ರ ದಶಕದ ಆರ್ಥಿಕ ಕುಸಿತದ ಹೊತ್ತಿನಲ್ಲಿ ಕೆಲಸವಿಲ್ಲದ ಎಂಟುನೂರರಷ್ಟು ಜನರನ್ನು ಹಚ್ಚಿ ಇಲ್ಲಿ ಅಗೆಸಿದರು. ಅದಕ್ಕೆ ಸುಮಾರು ತೊಂಬತ್ತು ವರ್ಷ ಮುಂಚಿನದು ಇನ್ನೊಂದು ಅಗೆತ: 1840ರ ದಶಕದಲ್ಲಿ ರೈಲು ಕಂಪನಿಯವರು ದಿಬ್ಬವೊಂದನ್ನು ಸೀಳಿ ಹಳಿ ಹಾಕಿದರು, 1870ರ ದಶಕದಲ್ಲಿ ಮತ್ತೆ. ಆ ಸೀಳು ಈಗಲೂ ಇದೆ, ರೈಲೂ ಓಡುತ್ತದೆ. 2019ರಲ್ಲಿ ಇದು ನ್ಯಾಷನಲ್ ಹಿಸ್ಟಾರಿಕಲ್ ಪಾರ್ಕ್ ಆಯಿತು. ಈ ನೆಲದಿಂದ ಪಶ್ಚಿಮಕ್ಕೆ ಅಟ್ಟಿಸಿಕೊಂಡ ಮಸ್ಕೋಗಿ ಜನ ಇದನ್ನು ಇನ್ನೂ ತವರು ಎನ್ನುತ್ತಾರೆ, ಓಕ್ಲಹೋಮದಿಂದ ಬಂದು ಹೋಗುತ್ತಾರೆ. ಪ್ರವೇಶಕ್ಕೆ ಶುಲ್ಕವಿಲ್ಲ. ಅಟ್ಲಾಂಟಾದಿಂದ ಒಂದೂವರೆ ಗಂಟೆ, ಸವಾನಾ ದಾರಿಯಲ್ಲೇ ಇದೆ. ಎರಡರಲ್ಲಿ ನನ್ನ ಆಯ್ಕೆ ಇದು.

ಅಕ್ಷರ ಬಲ್ಲವರಿಗೆ ನ್ಯೂ ಎಕೋಟಾ

ಇದನ್ನು ಯಾವುದರ ಜೊತೆಗೂ ಹೋಲಿಸಲಾರೆ. ಆದರೂ ಹೇಳದೆ ಇದ್ದರೆ ಈ ಪಟ್ಟಿಗೆ ಅರ್ಥವಿಲ್ಲ. ಕ್ಯಾಲ್‌ಹೂನ್ ಹತ್ತಿರ, ಅಟ್ಲಾಂಟಾದಿಂದ ಎಪ್ಪತ್ತು ಮೈಲಿ ಉತ್ತರಕ್ಕೆ, 1825ರಿಂದ ಚೆರೋಕೀ ಎಂಬ ಮೂಲನಿವಾಸಿ ರಾಷ್ಟ್ರದ ರಾಜಧಾನಿಯಾಗಿದ್ದ ಊರು. ಸೆಕ್ವೋಯಾ ಎಂಬ ಚೆರೋಕೀ ಮನುಷ್ಯನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಕಾಗದದ ಮೇಲೆ ಮಾತು ಹಿಡಿಯಬಹುದು ಎಂಬುದನ್ನು ಬಿಳಿಯರಲ್ಲಿ ಕಂಡು, ವರ್ಷಗಟ್ಟಲೆ ತಲೆಕೆಡಿಸಿಕೊಂಡು, 1821ರ ಹೊತ್ತಿಗೆ ತನ್ನ ಭಾಷೆಗೆ ಲಿಪಿ ಮಾಡಿದ. ಒಂದು ಗುರುತಿಗೆ ಒಂದು ಅಕ್ಷರ, ನಮ್ಮ ಹಾಗೆ ಉಚ್ಚಾರದ ಲೆಕ್ಕ. ಆದರೆ ಕಾಗುಣಿತವಿಲ್ಲ. ಗ, ಗಿ, ಗೆ ಮೂರಕ್ಕೂ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಆಕಾರ. ಎಂಬತ್ತೈದು ಗುರುತು ಬಾಯಿಪಾಠ ಮಾಡಿದರೆ ಮುಗಿಯಿತು. ಕೆಲವೇ ವರ್ಷಗಳಲ್ಲಿ ಊರಿಗೆ ಊರೇ ಓದಲು ಕಲಿಯಿತು. 1828ರ ಫೆಬ್ರವರಿ 21ರಂದು ಈ ಊರಿನ ಅಚ್ಚುಕೂಟದಿಂದ ಎರಡು ಭಾಷೆಯ ಪತ್ರಿಕೆ ಹೊರಬಂತು, ಚೆರೋಕೀ ಫೀನಿಕ್ಸ್. ನಮ್ಮ ಮಂಗಳೂರ ಸಮಾಚಾರ ಬಂದದ್ದು 1843ರಲ್ಲಿ. ಹದಿನೈದು ವರ್ಷ ಮೊದಲೇ ಇವರು ತಮ್ಮ ಭಾಷೆಯಲ್ಲಿ ಪತ್ರಿಕೆ ಓದುತ್ತಿದ್ದರು.

ಹತ್ತು ವರ್ಷ ಕೂಡ ನೆಮ್ಮದಿಯಾಗಿ ಇರಗೊಡಲಿಲ್ಲ. 1829ರಲ್ಲಿ ಬೆಟ್ಟದಲ್ಲಿ ಚಿನ್ನದ ಗಲಾಟೆ ಶುರುವಾಯಿತು, ರಾಜ್ಯ ಸರ್ಕಾರ ಚೆರೋಕೀ ಭೂಮಿಯನ್ನು ಲಾಟರಿ ಹಾಕಿ ಹಂಚಿತು. ವೂಸ್ಟರ್ ಎಂಬ ಪಾದ್ರಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1832ರಲ್ಲಿ ಚೆರೋಕೀಗಳ ಪರ ತೀರ್ಪು ಕೊಟ್ಟರೂ ಅದನ್ನು ಜಾರಿ ಮಾಡುವವರಿರಲಿಲ್ಲ. 1835ರ ಡಿಸೆಂಬರಿನಲ್ಲಿ ಒಂದು ಸಣ್ಣ ಗುಂಪು ಇಲ್ಲೇ ಒಪ್ಪಂದಕ್ಕೆ ಸಹಿ ಹಾಕಿತು. 1838ರಲ್ಲಿ ಸೈನ್ಯ ಬಂದು ಜನರನ್ನು ಹೊರಡಿಸಿತು. ದಾರಿಯಲ್ಲೂ ಶಿಬಿರಗಳಲ್ಲೂ ಸತ್ತವರು 4,000ದಷ್ಟು ಎಂದು ಅಂದಾಜು.

ಊರಿನ ಮೇಲೆ ನೇಗಿಲು ಓಡಿತು. ಮೂಲ ಜಾಗದಲ್ಲಿ ನಿಂತಿರುವ ಮೂಲ ಕಟ್ಟಡ ವೂಸ್ಟರ್ ಮನೆ ಒಂದೇ. ಅಚ್ಚುಕೂಟ, ನ್ಯಾಯಾಲಯ ಎಲ್ಲ ಮತ್ತೆ ಕಟ್ಟಿದವು. ಹೀಗಾಗಿ "ಅಸಲಿ ಎಷ್ಟು" ಎಂದು ಅಳೆಯುವವರಿಗೆ ಇದು ಸಪ್ಪೆ. ಆದರೆ 1950ರ ದಶಕದಲ್ಲಿ ಅಗೆದಾಗ ಮಣ್ಣಿನಲ್ಲಿ ಸೀಸದ ಅಚ್ಚುಮೊಳೆಗಳು ಸಿಕ್ಕವು, ಚೆರೋಕೀ ಅಕ್ಷರದ ಮೊಳೆಗಳು. ನನಗೆ ಅಷ್ಟು ಸಾಕಾಯಿತು. 1962ರಲ್ಲಿ ಈ ಜಾಗ ಸಾರ್ವಜನಿಕರಿಗೆ ತೆರೆದ ವರ್ಷವೇ ಜಾರ್ಜಿಯಾ ಶಾಸನಸಭೆ ಚೆರೋಕೀ ವಿರೋಧಿ ಹಳೇ ಕಾನೂನುಗಳನ್ನು ರದ್ದು ಮಾಡಿತು. ಅಲ್ಲಿಯವರೆಗೂ ಅವು ಪುಸ್ತಕದಲ್ಲೇ ಇದ್ದವು!

ಇಲ್ಲಿರುವ ವ್ಯಾನ್ ಟಾವೆರ್ನ್ ಎಂಬ ಮರದ ಛತ್ರ ಬಂದದ್ದು ನಮ್ಮ ಫೋರ್ಸೈತ್ ಕೌಂಟಿಯಿಂದ. 1950ರ ದಶಕದಲ್ಲಿ ಲೇನಿಯರ್ ಸರೋವರದ ನೀರು ಏರುವ ಮುನ್ನ ಬಿಚ್ಚಿ ತಂದು ಇಲ್ಲಿ ಜೋಡಿಸಿದರು. ನಾವು ವಾರಾಂತ್ಯಕ್ಕೆ ಬಾರ್ಬೆಕ್ಯೂ ಮಾಡುವ ಅದೇ ಸರೋವರ. ಇದೇ ಕೌಂಟಿಯಿಂದ 1912ರಲ್ಲಿ ಸಾವಿರಕ್ಕೂ ಹೆಚ್ಚು ಕಪ್ಪುಜನರನ್ನು ಹೊಡೆದೋಡಿಸಿದ್ದರು. ಅವರ ಮನೆಗಳನ್ನು ಬಿಚ್ಚಿ ತಂದು ಜೋಡಿಸಿದವರು ಯಾರೂ ಇಲ್ಲ.

ಅಟ್ಲಾಂಟಾ ಬಿಟ್ಟು ಹೋಗಲಾಗದವರಿಗೆ

ಆಬರ್ನ್ ಅವೆನ್ಯೂದ ಮಾರ್ಟಿನ್ ಲೂಥರ್ ಕಿಂಗ್ ಪಾರ್ಕ್, ಇಲ್ಲವೇ ಫಾಕ್ಸ್ ಥಿಯೇಟರ್. ಮೊದಲನೆಯದಕ್ಕೆ ದುಡ್ಡು ಬೇಡ, ಎರಡನೆಯದಕ್ಕೆ ಟಿಕೆಟ್ಟಿನ ಜೊತೆ ಪಾರ್ಕಿಂಗ್ ದುಡ್ಡೂ ಸೇರಿ ಕೈ ಕಚ್ಚುತ್ತದೆ.

ಫಾಕ್ಸ್ 1929ರ ಕ್ರಿಸ್‌ಮಸ್ ದಿನ ತೆರೆದದ್ದು. ಹೊರಗೆ ಮಸೀದಿಯಂಥ ಗುಮ್ಮಟ, ಒಳಗೆ ಈಜಿಪ್ಟ್, ಚಾವಣಿಯಲ್ಲಿ ಮಿನುಗುವ ನಕ್ಷತ್ರದ ಆಕಾಶ. 1970ರ ದಶಕದಲ್ಲಿ ಟೆಲಿಫೋನ್ ಕಂಪನಿಯೊಂದು ಕಚೇರಿ ಕಟ್ಟಲು ಇದನ್ನು ಕೆಡವಲು ಹೊರಟಾಗ ಊರೇ ಎದ್ದು ನಿಂತು ಉಳಿಸಿಕೊಂಡಿತು. ಕಣ್ಣಿಗೆ ಹಬ್ಬ. ಹಿತ್ತಿಲು ಕೂಡ ಇದೆ, ಕೇಳಿದರೆ ತೋರಿಸುತ್ತಾರೆ: ಕಪ್ಪುಜನಕ್ಕೆಂದು ಹೊರಗಿನಿಂದ ಬೇರೆ ಟಿಕೆಟ್ ಕಿಟಕಿ, ಬೇರೆ ಮೆಟ್ಟಿಲು, ಮೇಲಿನ ಗ್ಯಾಲರಿ.

ಆದರೂ ಊರಿಂದ ಬಂದವರಿಗೆ ಕಿಂಗ್ ಪಾರ್ಕೇ ಮೊದಲು. ಕಿಂಗ್ ಹುಟ್ಟಿದ ಮನೆ 501 ಆಬರ್ನ್ ಅವೆನ್ಯೂ. 2023ರ ಕೊನೆಯಲ್ಲಿ ಅದನ್ನು ದುರಸ್ತಿಗೆ ಮುಚ್ಚಿದರು, ಹೊರಡುವ ಮುಂಚೆ ಪಾರ್ಕಿನ ವೆಬ್‌ಸೈಟ್ ನೋಡಿಕೊಳ್ಳಿ. ಮನೆಯ ಒಳಗೆ ಹೋಗಲಾಗದಿದ್ದರೂ ಬೀದಿಯಲ್ಲಿ ನಡೆಯಿರಿ. ಒಂದು ಬದಿಗೆ ಎರಡಂತಸ್ತಿನ ಮನೆಗಳು, ಎದುರಿಗೆ ಕೂಲಿಕಾರರ ರೈಲುಬೋಗಿಯಂಥ ಸಣ್ಣ ಮನೆಗಳ ಸಾಲು, ಎರಡನ್ನೂ ಉಳಿಸಿಕೊಂಡಿದ್ದಾರೆ. ಭಾರತದಿಂದ ಬಂದ ಗಾಂಧಿ ಪ್ರತಿಮೆಯ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ, ನಾವೂ ತೆಗೆಸಿಕೊಂಡೆವು.

ಬಳಿಕ ಹಳೆಯ ಎಬೆನೀಜರ್ ಚರ್ಚಿನೊಳಗೆ ಬೆಂಚಿನ ಮೇಲೆ ಕೂತುಕೊಳ್ಳಿ. ಕಿಂಗ್ ಅವರ ಧ್ವನಿಮುದ್ರಣ ಕೇಳಿಸುತ್ತಿರುತ್ತದೆ. 1959ರಲ್ಲಿ ಅವರು ಭಾರತಕ್ಕೆ ಬಂದಿದ್ದಾಗ ತಿರುವನಂತಪುರದ ಶಾಲೆಯೊಂದರಲ್ಲಿ ದಲಿತ ಮಕ್ಕಳಿಗೆ ಅವರನ್ನು ಪರಿಚಯಿಸುತ್ತ ಮುಖ್ಯೋಪಾಧ್ಯಾಯರು, ಇವರೂ ಅಮೆರಿಕದ ಅಸ್ಪೃಶ್ಯರೇ ಎಂದರಂತೆ. ಕಿಂಗ್‌ಗೆ ಮೊದಲು ಚುರುಕ್ಕೆಂದಿತು, ಆಮೇಲೆ ಯೋಚಿಸಿ, ಹೌದು, ನಾನು ಅಸ್ಪೃಶ್ಯನೇ ಅಂದುಕೊಂಡರು. ಈ ಕಥೆಯನ್ನು ಅವರು 1965ರ ಜುಲೈ 4ರಂದು ಹೇಳಿದ್ದು ಇದೇ ಕಟ್ಟಡದಲ್ಲಿ. ಇದನ್ನು ಮಾವನವರಿಗೆ ಹೇಳಿದೆ. ಅವರು ಏನೂ ಮಾತಾಡದೆ ಕನ್ನಡಕ ತೆಗೆದು ಒರೆಸಿಕೊಂಡರು.

ಬೇಗ ಬೇಗ ಇನ್ನು ಕೆಲವು

ಜೆಕಿಲ್ ದ್ವೀಪಕ್ಕೆ ಐದು ಗಂಟೆ ದಾರಿ. 1880ರ ದಶಕದಲ್ಲಿ ಕೋಟ್ಯಧೀಶರು ಚಳಿಗಾಲ ಕಳೆಯಲು ಕಟ್ಟಿಕೊಂಡ ಕ್ಲಬ್ಬು. 1910ರಲ್ಲಿ ಕೆಲವು ಬ್ಯಾಂಕರುಗಳು ಗುಟ್ಟಾಗಿ ಸೇರಿ ಫೆಡರಲ್ ರಿಸರ್ವ್‌ಗೆ ದಾರಿಯಾದ ಯೋಜನೆ ಹೆಣೆದದ್ದು ಇಲ್ಲೇ. 1947ರಲ್ಲಿ ರಾಜ್ಯವೇ ದ್ವೀಪವನ್ನು ಕೊಂಡಿತು. ಮಕ್ಕಳಿಗೆ ಸಮುದ್ರ, ದೊಡ್ಡವರಿಗೆ ಸೈಕಲ್ ದಾರಿ. ಇತಿಹಾಸಕ್ಕಾಗಿಯೇ ಅಷ್ಟು ದೂರ ಹೋಗಬೇಡಿ.

ಡಲೋನೆಗಾದ ಚಿನ್ನದ ಮ್ಯೂಸಿಯಂ 1836ರ ಕೋರ್ಟ್ ಕಟ್ಟಡದಲ್ಲಿದೆ. ನ್ಯೂ ಎಕೋಟಾ ನೋಡಿದ ಮೇಲೆ ನೋಡಿ, ಆಗ ಆ ಚಿನ್ನದ ತೂಕ ಬೇರೆಯಾಗಿ ಕಾಣುತ್ತದೆ.

ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿಲು, ಬೆವರು ಎರಡೂ ಜಾಸ್ತಿ. ಬೆಳಗ್ಗೆಯೇ ನೋಡಿ ಮುಗಿಸಿ. ವಸಂತದಲ್ಲಿ ಕರಾವಳಿಯ ಕಡೆ ಕಣ್ಣಿಗೆ ಕಾಣದ ಸಣ್ಣ ನೊಣಗಳು ಕಚ್ಚುತ್ತವೆ, ಉದ್ದ ತೋಳಿನ ಅಂಗಿ ಇರಲಿ. ರಾಜ್ಯ ಸರ್ಕಾರ ನಡೆಸುವ ಎಟೊವಾ, ನ್ಯೂ ಎಕೋಟಾದಂಥವು ವಾರದ ಮೊದಲ ದಿನಗಳಲ್ಲಿ ಮುಚ್ಚಿರುವುದುಂಟು. ಅವುಗಳ ಪಾಸನ್ನು ನಿಮ್ಮೂರಿನ ಲೈಬ್ರರಿಯಲ್ಲಿ ಪುಸ್ತಕದಂತೆ ಎರವಲು ಪಡೆಯಬಹುದು, ವಿಚಾರಿಸಿ. ಊಟ ಕಟ್ಟಿಕೊಂಡೇ ಹೊರಡಿ. ಆಂಡರ್ಸನ್‌ವಿಲ್ ಸುತ್ತಮುತ್ತ ಸಸ್ಯಾಹಾರ ಹುಡುಕುತ್ತ ನಾವು ಕೊನೆಗೆ ತಿಂದದ್ದು ಬರೀ ಆಲೂಗೆಡ್ಡೆ ಫ್ರೈಸ್.

ಅರ್ಧ ದಿನವೇ ಇದ್ದರೆ, ಮೆಟ್ಟಿಲು ಹತ್ತಲಾಗದಿದ್ದರೆ, ವಾರ್ಮ್ ಸ್ಪ್ರಿಂಗ್ಸ್‌ಗೆ ಹೋಗಿ. ಪೋಲಿಯೋದಿಂದ ಕಾಲು ಸೋತ ಫ್ರಾಂಕ್ಲಿನ್ ರೂಸ್‌ವೆಲ್ಟ್ ಇಲ್ಲಿನ ಬೆಚ್ಚನೆಯ ಊಟೆನೀರನ್ನು ನಂಬಿ ಬಂದು, 1932ರಲ್ಲಿ ಮನೆ ಕಟ್ಟಿಸಿಕೊಂಡರು. ಲಿಟ್ಲ್ ವೈಟ್ ಹೌಸ್ ಎಂದು ಹೆಸರು. ಆರು ಕೋಣೆ, ಪೈನ್ ಮರದ ಗೋಡೆ. ಅಮೆರಿಕದ ಅಧ್ಯಕ್ಷನ ಮನೆ ಇಷ್ಟೇನಾ ಅನ್ನಿಸುತ್ತದೆ. 1945ರ ಏಪ್ರಿಲ್ 12ರಂದು ಚಿತ್ರಕಾರರೊಬ್ಬರು ಎದುರಿಗೆ ಕೂತು ಚಿತ್ರ ಬರೆಯುತ್ತಿದ್ದಾಗಲೇ ಅವರು ಕುಸಿದರು. ಅರ್ಧಕ್ಕೆ ನಿಂತ ಆ ಚಿತ್ರವೂ ಇಲ್ಲೇ ಇದೆ. ಎಲ್ಲರೂ ಅದರ ಮುಂದೆ ನಿಲ್ಲುತ್ತಾರೆ.

ನೀವು ಅಡುಗೆಮನೆಗೆ ಹೋಗಿ. ಗೋಡೆಯ ಮೇಲೆ, ಗಾಜಿನ ಹಿಂದೆ, ಪೆನ್ಸಿಲ್ಲಿನಲ್ಲಿ ಬರೆದ ಒಂದು ಸಾಲಿದೆ. ಅಧ್ಯಕ್ಷರಿಗೆ ಈ ಮನೆಯಲ್ಲಿ ಮೊದಲ ಊಟ ಮಾಡಿದವಳೂ ಕೊನೆಯದನ್ನು ಮಾಡಿದವಳೂ ಡೇಸಿ ಬಾನರ್ ಎಂದು ಅಡುಗೆಯಾಕೆಯೇ ಬರೆದದ್ದು. ನಾನು ಓದಿ ಅರ್ಥ ಹೇಳಿದೆ. ಅತ್ತೆ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು.

"ನಮ್ಮಡುಗೆಮನೆ ಗೋಡೆ ಮೇಲೆ ನಾನೂ ಹಾಲಿನ ಲೆಕ್ಕ ಬರೆದಿದ್ದೆ ಕಣಮ್ಮ, ಎಂಟು ವರ್ಷದ್ದು" ಅಂದರು. "ಒಂದು ಯುಗಾದಿಗೆ ಇವರು ಸುಣ್ಣ ಹೊಡೆಸಿಬಿಟ್ರು."

ಮಾವ ಕಿಟಕಿಯ ಚೌಕಟ್ಟನ್ನು ತಟ್ಟಿ ನೋಡುವುದರಲ್ಲಿ ಮಗ್ನರಾಗಿದ್ದರು.